ಮಂಜುನಾಥ ಕಡೆದ ಟಾರ್ಚು

2022ರಲ್ಲಿ ನಾನು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಅದಕ್ಕೆ ಮೊದಲು ಊರಾಚೆಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕ್ಯಾಲಿಬ್ರೇಷನ್ ಟೆಕ್ನಿಷಿಯನ್ ಆಗಿ ಕೆಲಸ ಮಾಡಿ ನಿವೃತ್ತನಾಗಿದ್ದೆ. ಕ್ಯಾಲಿಬ್ರೇಷನ್ ಎಂದರೆ ಅಳೆಯುವ ಉಪಕರಣಗಳನ್ನೇ ಅಳೆದು ನೋಡುವ ಕೆಲಸ. ಬಾಯ್ಲರಿನ ಪ್ರೆಷರ್ ಗೇಜು ನಿಜವಾದ ಒತ್ತಡವನ್ನೇ ತೋರಿಸುತ್ತಿದೆಯೇ, ಒಲೆಯ ಥರ್ಮಾಮೀಟರು ಸುಳ್ಳು ಹೇಳುತ್ತಿಲ್ಲವೇ ಎಂದು ಪರೀಕ್ಷಿಸುವುದು. ಉಪಕರಣ ಮೇಜಿಗೆ ಬಂದಾಗ ಇದ್ದ ರೀಡಿಂಗಿಗೆ ನಾವು 'ಆಸ್ ಫೌಂಡ್' ಎನ್ನುತ್ತಿದ್ದೆವು, ಸರಿಪಡಿಸಿ ಕಳಿಸುವಾಗ ಇದ್ದದ್ದಕ್ಕೆ 'ಆಸ್ ಲೆಫ್ಟ್'. ಎರಡನ್ನೂ ಬಂದದ್ದು ಬಂದ ಹಾಗೆ ಬರೆಯಬೇಕು. ಮ್ಯಾನೇಜರ್ ಬಂದು ಮುಖ ಸಪ್ಪಗೆ ಮಾಡಿಕೊಂಡು ನಿಂತರೂ ಅಂಕಿ ಬದಲಾಗಬಾರದು.

ಅಂಗಡಿ ತೆರೆದದ್ದು ಮನೆಯಲ್ಲಿ ಕೂರಲು ಆಗದೆ. ಆ ವರ್ಷದ ಆರಂಭದಲ್ಲಿ ನನ್ನ ಹೆಂಡತಿ ಸರೋಜ ತೀರಿಕೊಂಡಿದ್ದಳು. ಆಗ ನನಗೆ ಅಳು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೆ, ಏನು ಉಂಡೆನೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಒಂದು ಸಲ ಬಿಸಿ ಸೋಲ್ಡರಿಂಗ್ ಐರನ್ ಬೆರಳಿಗೆ ತಾಗಿದಾಗ ಕೈ ಹಿಂದಕ್ಕೆ ಬಂದದ್ದು ತಡವಾಗಿ. ಜನ ಬರುತ್ತಿದ್ದರು, ಇಸ್ತ್ರಿಪೆಟ್ಟಿಗೆ, ಸೆಟ್‌ಟಾಪ್ ಬಾಕ್ಸು, ಮಕ್ಕಳ ಆಟಿಕೆ ಕೊಡುತ್ತಿದ್ದರು. ನಾನು ಬಿಚ್ಚುತ್ತಿದ್ದೆ, ಜೋಡಿಸುತ್ತಿದ್ದೆ. ಹಾಗೆ ಸಾಗುತ್ತಿತ್ತು.

ಮಳೆಗಾಲದ ಒಂದು ಶನಿವಾರ ಮಧ್ಯಾಹ್ನ ಗುಬ್ಬಿಯಿಂದ ಗಂಡ ಹೆಂಡತಿ ಬಂದರು. ಗಂಡ ನಟರಾಜು, ಗುಬ್ಬಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರು. ಅಂಗಿಯ ಹೊಲಿಗೆಗಳಲ್ಲಿ ಇನ್ನೂ ರಾಗಿಹಿಟ್ಟು ಇತ್ತು. ಹೆಂಡತಿ ಗಿರಿಜಾ, ನಲವತ್ತರ ಆಸುಪಾಸು, ಗುಬ್ಬಿಗೂ ತುಮಕೂರಿಗೂ ನಡುವಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಟೀಚರು. ಅಂಗಡಿಯ ಮೆಟ್ಟಿಲನ್ನು ಅವರು ಮೊದಲು ಕಾಲಿನಿಂದ ತಡವಿ ನೋಡಿ ಆಮೇಲೆ ಹತ್ತಿದರು. ಬ್ಯಾಗಿನಿಂದ ಟಾರ್ಚೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

ಅಂಗಡಿಯಲ್ಲಿ ಸಿಗುವ ಟಾರ್ಚು ಅದಾಗಿರಲಿಲ್ಲ. ಅಲ್ಯೂಮಿನಿಯಂ ಸರಳನ್ನು ಲೇತಿನಲ್ಲಿ ಕಡೆದು ಮಾಡಿದ ಮೈ. ಕೈ ಜಾರದಿರಲೆಂದು ಹಾಕಿದ ಗೀರುಗಳು ಒಂದೇ ಸಮ. ಹೆಬ್ಬೆರಳು ಕೂರುವ ಕಡೆ ಸಣ್ಣದಾಗಿ ಚಪ್ಪಟೆ ಮಾಡಿ, ಸ್ವಿಚ್ಚು ಯಾವ ಕಡೆ ಇದೆಯೆಂದು ನೋಡದೆಯೇ ತಿಳಿಯುವಂತೆ ಮಾಡಿದ್ದರು. ಎಲ್ಲೂ ಕಂಪನಿಯ ಹೆಸರಿಲ್ಲ.

"ಬಸ್ ಸ್ಟ್ಯಾಂಡಲ್ಲಿ ಕಂಬಕ್ಕೆ ಡಿಕ್ಕಿ ಹೊಡ್ದೆ ಸಾರ್. ಕೈಯಿಂದ ಬಿದ್ದೋಯ್ತು. ಆವತ್ತಿಂದ ಮಿಣಕ್ ಮಿಣಕ್ ಅಂತಿತ್ತು, ಈಗ ಹತ್ತೋದೇ ಇಲ್ಲ," ಎಂದರು ಗಿರಿಜಾ. ಅದೇ ದನಿಯಲ್ಲಿ, ಯಾವ ಬಸ್ಸಿಗೆ ಬಂದೆವೆಂದು ಹೇಳಿದಷ್ಟೇ ಸಲೀಸಾಗಿ, ಮುಂದುವರಿಸಿದರು: "ನಂಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅಂತ ಕಣ್ಣಿನ ತೊಂದ್ರೆ. ಕತ್ತಲಾದ್ರೆ ಕಾಣಲ್ಲ. ಇದು ನನ್ ತಮ್ಮ ಮಾಡ್ಕೊಟ್ಟಿದ್ದು. ಕುಣಿಗಲ್ನಲ್ಲಿ ಲೇತ್ ಇಟ್ಟಿದ್ದ, ಮಂಜುನಾಥ ಅಂತ. ಹೋದ್ ವರ್ಷ ಕೋವಿಡ್‌ನಲ್ಲಿ ಹೋದ."

"ಮುಖಾನೂ ತೋರಿಸ್ಲಿಲ್ಲ ಸಾರ್ ನಮ್ಗೆ," ಎಂದರು ನಟರಾಜು. ನಾನು ಟಾರ್ಚನ್ನು ಕೈಗೆ ತೆಗೆದುಕೊಂಡೆ.

ಆ ಕಾಯಿಲೆಯ ಬಗ್ಗೆ ಆಮೇಲೆ ಓದಿಕೊಂಡೆ. ಕಣ್ಣಿನ ಹಿಂಪದರದಲ್ಲಿ ಬೆಳಕನ್ನು ಹಿಡಿಯುವ ಜೀವಕೋಶಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತಾ ಹೋಗುತ್ತವೆ. ಮೊದಲು ಇರುಳುಗಣ್ಣು ಬರುತ್ತದೆ. ಆಮೇಲೆ ಅಂಚಿನ ನೋಟ ಹೋಗಿ, ಕೊಳವೆಯಲ್ಲಿ ನೋಡಿದ ಹಾಗೆ ನಡುವಿನದು ಮಾತ್ರ ಉಳಿಯುತ್ತದೆ. ಎಷ್ಟು ಬೇಗ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಮಂಜುನಾಥ ಇದನ್ನೆಲ್ಲ ತಿಳಿದುಕೊಂಡೇ ಟಾರ್ಚು ಮಾಡಿದ್ದರು ಎಂಬುದು ಬಿಚ್ಚಿದ ಮೇಲೆ ಗೊತ್ತಾಯಿತು. ಸಾಮಾನ್ಯ ಟಾರ್ಚಿನಲ್ಲಿ ಎಲ್‌ಇಡಿಯ ಸುತ್ತ ಹೊಳೆಯುವ ಬಟ್ಟಲಿನಂಥ ರಿಫ್ಲೆಕ್ಟರ್ ಇರುತ್ತದೆ. ಅದು ಬೆಳಕನ್ನು ಒಟ್ಟುಗೂಡಿಸಿ ದೂರಕ್ಕೆ ಎಸೆಯುತ್ತದೆ. ಇದರಲ್ಲಿ ರಿಫ್ಲೆಕ್ಟರೇ ಇರಲಿಲ್ಲ. ಬರೀ ಎಲ್‌ಇಡಿ, ಮುಂದೆ ಗಾಜು. ಬೆಳಕು ದೂರ ಹೋಗುವುದಿಲ್ಲ, ಆದರೆ ರಸ್ತೆಯ ಎರಡೂ ಅಂಚಿಗೆ ಹರಡುತ್ತದೆ.

ಬಿಚ್ಚುವುದು ಸುಲಭವಾಗಿರಲಿಲ್ಲ. ಮಳೆನೀರು ಒಳಗೆ ಹೋಗದಿರಲೆಂದು ಅವರು ಮುಚ್ಚಳದ ತಿರುಪಿನ ಮೇಲೆ ಅಂಟು ಹಾಕಿ ಬಿಗಿದಿದ್ದರು. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹಳೆಯ ಸೈಕಲ್ ಟ್ಯೂಬು ಸುತ್ತಿ, ಗೀರು ಬೀಳದ ಹಾಗೆ ತಿರುಗಿಸಿದೆ. ಒಳಗೆ ತಾಮ್ರದ ಬಿಲ್ಲೆ, ಅದರ ನಡುವೆ ಎಮಿಟರ್. ಎಮಿಟರ್ ಎಂದರೆ ನಿಜವಾಗಿ ಬೆಳಗುವ ಭಾಗ, ಕಡಲೆಬೇಳೆಗಿಂತ ಚಿಕ್ಕದಾದ ಒಂದು ಹಳದಿ ಚೌಕ. ಅದರ ಮೇಲೆ ಮೆತ್ತನೆಯ ಸಿಲಿಕೋನಿನ ಗುಮ್ಮಟ ಇರುತ್ತದೆ. ಬಿದ್ದ ಏಟಿಗೆ ಮುಂದಿನ ಗಾಜು ಒಳಕ್ಕೆ ಕೂತು ಗುಮ್ಮಟ ಹರಿದಿತ್ತು. ಒಳಗಿನ ಕೂದಲೆಳೆಯಂಥ ತಂತಿ ಕಡಿದುಹೋಗಿತ್ತು. ಉಳಿದದ್ದೆಲ್ಲ ಸರಿಯಾಗಿತ್ತು. ಎಲ್‌ಇಡಿಗೆ ಎಷ್ಟು ಕರೆಂಟು ಹೋಗಬೇಕೆಂದು ನಿಯಂತ್ರಿಸುವ ಡ್ರೈವರ್ ಸರ್ಕ್ಯೂಟು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಕಷ್ಟ ಇದ್ದದ್ದು ಅದೇ ಎಮಿಟರ್ ಹುಡುಕುವುದರಲ್ಲಿ. ನೋಡಲು ಒಂದೇ ಥರ ಇರುವ ಎಮಿಟರುಗಳಲ್ಲಿ ಮೂರು ವೋಲ್ಟಿನದೂ ಇರುತ್ತದೆ, ಆರು ವೋಲ್ಟಿನದೂ ಇರುತ್ತದೆ. ಬೆಳಕಿನ ಬಣ್ಣ ಬೇರೆ. ನೀಲಿ ಛಾಯೆಯ ಬಿಳಿ ಬೆಳಕಲ್ಲಿ ಕೆಸರೂ ಟಾರೂ ಒಂದೇ ಥರ ಕಾಣುತ್ತವೆ. ಮಂಜುನಾಥ ಹಾಕಿದ್ದದ್ದು ಬೆಚ್ಚನೆಯ ಬಣ್ಣದ್ದು, ವಸ್ತುಗಳ ಬಣ್ಣವನ್ನು ಹಗಲಿನಂತೆ ತೋರಿಸುವಂಥದ್ದು. ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಗಿರಿಜಾ ಅವರಿಗೆ ಫೋನ್ ಮಾಡಿದಾಗ, "ಅಂಗಡಿ ಇನ್ನೂ ಹಂಗೇ ಇದೆ ಸಾರ್. ಭಾಗ್ಯಂಗೆ ಹೇಳ್ತೀನಿ," ಎಂದರು. ಭಾಗ್ಯ ಎಂದರೆ ಮಂಜುನಾಥ ಅವರ ಹೆಂಡತಿ.

ಮರುದಿನ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಶೀಟು ಹೊದಿಸಿದ ಒಂದೇ ಕೋಣೆಯ ವರ್ಕ್‌ಶಾಪು. ಲೇತಿಗೆ ಗೋಣಿತಾಟು ಮುಚ್ಚಿತ್ತು. ಬೋರ್‌ವೆಲ್ ಪಂಪಿನ ಶಾಫ್ಟುಗಳು ಮೂಲೆಯಲ್ಲಿ ಒರಗಿದ್ದವು. ರಿಪೇರಿಗೆ ಕೊಟ್ಟವರು ವಾಪಸು ಕೇಳಲು ಸಂಕೋಚಪಟ್ಟಿದ್ದರಂತೆ. ಭಾಗ್ಯ ಬೀಗ ತೆಗೆದು ಬಾಗಿಲ ಹೊರಗೇ ನಿಂತರು.

"ನಾನ್ ಒಳಕ್ ಬರಲ್ಲಣ್ಣ. ನೀವೇ ನೋಡ್ಕಳಿ. ನಂಗೆ ಅದ್ಯಾವ್ದು, ಇದ್ಯಾವ್ದು ಒಂದೂ ಗೊತ್ತಾಗಲ್ಲ."

ಗೋಡೆಯ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದೆ. ಸ್ಕ್ರೂ, ವಾಷರ್, ಲೇತಿಗೆ ಹಾಕುವ ಕಾರ್ಬೈಡ್ ಟಿಪ್ಪು. ಒಂದರಲ್ಲಿ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೂರಿಸಿದ್ದ ಎಮಿಟರುಗಳು ಸಿಕ್ಕವು. ಪಟ್ಟಿಯಲ್ಲಿ ಒಂದು ಗುಳಿ ಮಾತ್ರ ಖಾಲಿ. ಟಾರ್ಚಿನಲ್ಲಿದ್ದದ್ದು ಅಲ್ಲಿಂದಲೇ ಹೋದದ್ದು. ಎಲ್‌ಇಡಿಗಳನ್ನು ಕಾರ್ಖಾನೆಯಲ್ಲೇ ಬಣ್ಣಕ್ಕೂ ಪ್ರಖರತೆಗೂ ತಕ್ಕಂತೆ ಗುಂಪು ಮಾಡಿ ಕಳಿಸುತ್ತಾರೆ; ಒಂದೇ ಪಟ್ಟಿಯವು ಅಣ್ಣತಮ್ಮಂದಿರಿದ್ದ ಹಾಗೆ. ಇದಕ್ಕಿಂತ ಸರಿಯಾದದ್ದು ಎಲ್ಲೂ ಸಿಗುತ್ತಿರಲಿಲ್ಲ. ಒಂದನ್ನು ಕತ್ತರಿಸಿಕೊಂಡು ಉಳಿದದ್ದನ್ನು ಡಬ್ಬಿಗೇ ಹಾಕಿದೆ. ಹೊರಗೆ ಬಂದಾಗ ಭಾಗ್ಯ ಕೇಳಿದರು:

"ಸಿಕ್ತಾ?"

"ಸಿಕ್ತಮ್ಮ."

"ಸರಿ ಬುಡಿ," ಎಂದು ಬೀಗ ಹಾಕಿಕೊಂಡರು. ಕಾಫಿಗೆ ಕರೆದರು. ಬೇಡವೆಂದೆ. ಇಬ್ಬರಿಗೂ ಅದೇ ಬೇಕಾಗಿತ್ತು ಅನಿಸುತ್ತದೆ.

ಎಮಿಟರ್ ಬದಲಿಸುವ ಕೆಲಸವನ್ನು ರಿಫ್ಲೋ ಎನ್ನುತ್ತೇವೆ. ತಾಮ್ರದ ಬಿಲ್ಲೆಯನ್ನು ಬಿಸಿ ತಟ್ಟೆಯ ಮೇಲಿಟ್ಟರೆ ಹಳೆಯ ಬೆಸುಗೆ ಕರಗುತ್ತದೆ. ಸತ್ತ ಎಮಿಟರನ್ನು ಚಿಮಟದಿಂದ ಎತ್ತಿ, ಬೆಸುಗೆಯನ್ನು ಒರೆಸಿ, ಹೊಸ ಬೆಸುಗೆ ಪೇಸ್ಟು ಸವರಿ, ಹೊಸ ಎಮಿಟರನ್ನು ಇಡಬೇಕು. ಪ್ಲಸ್ಸು ಮೈನಸ್ಸು ಅದಲುಬದಲಾಗಬಾರದು. ಪೇಸ್ಟು ಕರಗಿದ ಕ್ಷಣ ಎಮಿಟರ್ ತಾನಾಗಿಯೇ ಸ್ವಲ್ಪ ತೇಲಿ, ಸರಿದು, ತನ್ನ ಜಾಗದಲ್ಲಿ ಕೂರುತ್ತದೆ. ಆಗ ಮೇಲಿನಿಂದ ಒತ್ತಬಾರದು, ಪಕ್ಕದಿಂದ ಮೆಲ್ಲಗೆ ತಟ್ಟಬೇಕು. ಕಾರ್ಖಾನೆಯಲ್ಲಿದ್ದಾಗ ಆ ಕ್ಷಣವನ್ನು ನೋಡುವುದೆಂದರೆ ನನಗೆ ಖುಷಿ. ಆ ದಿನ ಅದು ಕೂತಿತು, ನಾನು ತಟ್ಟೆಯ ಸ್ವಿಚ್ಚು ಆರಿಸಿದೆ, ಅಷ್ಟೆ. ಬಿಲ್ಲೆಯ ಬೆನ್ನಿಗೆ ಶಾಖ ದಾಟಿಸುವ ಪೇಸ್ಟು ಹಚ್ಚಿ ಮೈಗೆ ಕೂರಿಸಿದೆ, ಹೊಸ ಗಾಜು ಹಾಕಿದೆ. ಬೆಳಕನ್ನು ಅಳೆಯುವ ಲಕ್ಸ್ ಮೀಟರು ನನ್ನಲ್ಲಿತ್ತು. ತುಂಬಿದ ಬ್ಯಾಟರಿಯಲ್ಲಿ, ಒಂದು ಮೀಟರ್ ದೂರದಲ್ಲಿ, ನೇರ ಮುಂದೆ 220 ಲಕ್ಸ್. ಹಳೆಯ ಅಭ್ಯಾಸದಂತೆ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟೆ.

ದೀಪಾವಳಿ ಕಳೆದು ಹೊತ್ತು ಬೇಗ ಮುಳುಗುವ ಕಾಲ ಬಂದಾಗ ಅವರಿಬ್ಬರೂ ಮತ್ತೆ ಬಂದರು.

"ಬೆಳಕು ಸಾಲ್ತಿಲ್ಲ ಸಾರ್. ಮೊದ್ಲು ಎರಡೂ ಕಡೆ ಚರಂಡಿ ಕಾಣ್ತಿತ್ತು. ಈಗ ನಡುವೆ ಮಾತ್ರ ಬೀಳ್ತಿದೆ. ಅಗಲ ಕಮ್ಮಿ ಆಗಿದೆ," ಎಂದರು ಗಿರಿಜಾ. "ಮಂಜ ಹಾಕಿದ್ದ ಥರ ಇಲ್ಲ."

ಮಂಕಾಗಿದೆ ಎಂದಿದ್ದರೆ ನಾನು ಬ್ಯಾಟರಿ ನೋಡುತ್ತಿದ್ದೆ, ಡ್ರೈವರ್ ನೋಡುತ್ತಿದ್ದೆ. ಅಗಲ ಕಮ್ಮಿ ಎಂದದ್ದು ವಿಚಿತ್ರ ಅನ್ನಿಸಿತು. ರಿಫ್ಲೆಕ್ಟರಿಲ್ಲದ ಟಾರ್ಚಿನ ಬೆಳಕು ಇಕ್ಕಟ್ಟಾಗಲು ದಾರಿಯೇ ಇಲ್ಲ. ಎಮಿಟರ್ ಹಳತಾದರೆ ಬೆಳಕು ಕಡಿಮೆಯಾಗುತ್ತದೆ, ಹರವು ಕಡಿಮೆಯಾಗುವುದಿಲ್ಲ. ಆದರೂ ಮೀಟರು ತೆಗೆದು ಅಳೆದೆ. 218. ಕ್ಯಾಲೆಂಡರಿನಲ್ಲಿದ್ದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲವೆನ್ನಬಹುದು.

ಷಟರನ್ನು ಅರ್ಧ ಎಳೆದು, ದೀಪ ಆರಿಸಿ, ಟಾರ್ಚನ್ನು ಖಾಲಿ ಗೋಡೆಗೆ ಹಿಡಿದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಗೋಡೆ ಬೆಳಗಿತು. ಸೂರು, ನೆಲ, ಪಕ್ಕದ ಕಪಾಟಿನ ಬಾಗಿಲು ಎಲ್ಲ ಕಂಡವು.

"ಮೇಡಂ, ಬೆಳಕು ಎಲ್ಲೀವರೆಗೆ ಇದೆ, ಕೈಯಲ್ಲಿ ತೋರಿಸಿ."

ಗಿರಿಜಾ ಗೋಡೆಯ ಹತ್ತಿರ ಹೋದರು. ನಿಧಾನವಾಗಿ ಬೆರಳಿಟ್ಟು ಒಂದು ಸುತ್ತು ಎಳೆದರು. ಊಟದ ತಟ್ಟೆಯಷ್ಟು ಅಗಲ. "ಇಲ್ಲಿಂದ ಇಲ್ಲೀಗಂಟ," ಎಂದರು. ಅವರ ಮೊಣಕೈ, ಭುಜ, ಕಾಲಿನ ಚಪ್ಪಲಿಯವರೆಗೂ ಬೆಳಕು ಬಿದ್ದಿತ್ತು.

ನಾನು ನಟರಾಜು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. "ಬಿಟ್ಟು ಹೋಗಿ ಮೇಡಂ, ಇನ್ನೊಂದ್ಸಲ ನೋಡ್ತೀನಿ," ಎಂದಷ್ಟೇ ಹೇಳಿದೆ.

ಹೆಂಡತಿಯನ್ನು ಎದುರಿನ ಬೇಕರಿಯಲ್ಲಿ ಕೂರಿಸಿ ನಟರಾಜು ಒಬ್ಬರೇ ವಾಪಸು ಬಂದರು.

"ಡಾಕ್ಟ್ರು ನನ್ ಒಬ್ಬನ್ನೇ ಒಳಕ್ ಕರ್ದು ಹೇಳವ್ರೆ ಸಾರ್. ಕಿರಿದಾಗ್ತಾ ಬಂದದೆ, ಹಿಂದಕ್ ಬರಲ್ಲ ಅಂತ. ಅವ್ಳಿಗೆ ನಾನ್ ಹೇಳಿಲ್ಲ. ಮೊದ್ಲಿನಂಗೇ ಐತಂತೆ ಅಂದ್ಬುಟ್ಟೆ."

"ಈಗೇನ್ ಮಾಡಬೇಕು ಅಂತೀರಿ?"

"ಎಲ್‌ಇಡಿ ಸರಿ ಇಲ್ಲ, ಹಳೇದ್ರಂಥದ್ದು ಸಿಗಲ್ಲ ಅಂತ ಹೇಳ್ಬುಡಿ. ತಮ್ಮ ಹೋದಾಗ್ಲೇ ಅವ್ಳು ಅರ್ಧ ಕಲ್ಲಾಗವ್ಳೆ. ಇನ್ ಸ್ಕೂಲೂ ಬುಡು ಅಂದ್ರೆ ಉಳಿಯಾಕಿಲ್ಲ ಸಾರ್."

ಕೆಟ್ಟ ಮನುಷ್ಯ ಅಲ್ಲ. ಯೋಚಿಸಿದರೆ ಅದು ಒಂದು ವಾಕ್ಯದ ಮಾತು. ಯಾರೂ ಪರೀಕ್ಷೆ ಮಾಡುವುದಿಲ್ಲ. ಹೇಳಿಬಿಟ್ಟರೆ ನನಗೂ ಸುಲಭ; ಆ ದಿನಗಳಲ್ಲಿ ಇನ್ನೊಬ್ಬರ ದುಃಖಕ್ಕೆ ಹತ್ತಿರ ಹೋಗುವ ಶಕ್ತಿ ನನ್ನಲ್ಲಿರಲಿಲ್ಲ. ಆದರೆ ಮೀಟರಿನಲ್ಲಿ 218 ಬಂದಿತ್ತು.

ಎರಡು ಮೂರು ದಿನ ಬಿಟ್ಟು, ಟಾರ್ಚು ಕೊಡುವ ನೆಪದಲ್ಲಿ ನಾನೇ ಗುಬ್ಬಿಗೆ ಹೋದೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಶಾಲೆಯಿಂದ ಬಂದು ಇಳಿದ ಗಿರಿಜಾ, ಕಂಡಕ್ಟರ್ ಕೈ ಹಿಡಿದು ಇಳಿಸಿದರೂ, ಇಳಿದ ಜಾಗದಲ್ಲೇ ಸ್ವಲ್ಪ ಹೊತ್ತು ನಿಂತರು. ನಾನು ಮಾತಾಡಿಸಿ ಟಾರ್ಚು ಕೊಟ್ಟೆ. "ಮನೆಗಂಟ ಬನ್ನಿ ಸಾರ್, ಕಾಫಿ ಕುಡ್ಕೊಂಡು ಹೋಗೀರಂತೆ," ಎಂದರು. ಇಬ್ಬರೂ ನಡೆದೆವು. ಬೆಳಕು ಆರುತ್ತಾ ಬಂದಿತ್ತು. ಅವರು ಟಾರ್ಚು ಹತ್ತಿಸಿ, ಬೀದಿಯ ನಡುವೆ ನೋಟ ನೆಟ್ಟು, ಚೆನ್ನಾಗಿಯೇ ನಡೆಯುತ್ತಿದ್ದರು. ಶಾಲೆಯ ಬಿಸಿಯೂಟದ ಬೇಳೆಯ ಬಗ್ಗೆ ಏನೋ ಹೇಳುತ್ತಿದ್ದರು.

ತಿರುವಿನಲ್ಲಿ ಒಂದು ಟ್ರ್ಯಾಕ್ಟರಿನ ಟ್ರೈಲರು ನಿಂತಿತ್ತು. ಹಿಂಬದಿಯಿಂದ ಕಬ್ಬಿಣದ ಸರಳುಗಳು ಹೊರಕ್ಕೆ ಚಾಚಿಕೊಂಡಿದ್ದವು, ಸರಿಯಾಗಿ ಮುಖದ ಎತ್ತರಕ್ಕೆ, ಎಡಗಡೆಗೆ. ಟಾರ್ಚಿನ ಬೆಳಕು ಅವುಗಳ ಮೇಲೇ ಬಿದ್ದಿತ್ತು. ತುದಿಗಳು ಹೊಳೆಯುತ್ತಿದ್ದವು. ಗಿರಿಜಾ ಮಾತಾಡುತ್ತಾ, ನೋಟವನ್ನು ಬೀದಿಯ ನೆಲದ ಮೇಲೇ ಇಟ್ಟು, ಅವುಗಳೊಳಗೆ ನಡೆದರು.

ತೋಳು ಹಿಡಿದು ಎಳೆದೆ. ಅವರು ತತ್ತರಿಸಿ ನಿಂತರು.

"ಏನ್ ಸಾರ್?"

ಅವರ ಟಾರ್ಚಿನ ಕೈಯನ್ನು ಹಾಗೇ ಇರಿಸಿ, ಇನ್ನೊಂದು ಕೈಯನ್ನು ತೆಗೆದುಕೊಂಡು ಸರಳಿನ ತುದಿಗೆ ಮುಟ್ಟಿಸಿದೆ. ಬೆರಳಿನಿಂದ ತಡವಿ ನೋಡಿದರು. ಆಮೇಲೆ ಮುಖ ತಿರುಗಿಸಿ, ಹುಡುಕಿ, ನೋಡಿದರು.

"ಬೆಳಕು ಇದರ ಮೇಲೇ ಇದೆ ಮೇಡಂ. ನೀವು ತಿರುಗೋ ಮುಂಚೇನೂ ಇತ್ತು," ಎಂದೆ. "ಟಾರ್ಚು ಅಳತೆ ಮಾಡಿದೀನಿ. ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಹಾಕಿರೋ ಎಲ್‌ಇಡಿ ನಿಮ್ಮ ತಮ್ಮನ ಡಬ್ಬಿಯದೇ. ಅಂಗಡಿ ಗೋಡೆ ಪೂರ್ತಿ ಬೆಳಗ್ತಿತ್ತು. ನೀವು ತಟ್ಟೆಯಷ್ಟು ತೋರಿಸಿದ್ರಿ."

ಸಮಾಧಾನ ಹೇಳಬೇಕಿತ್ತೇನೋ. ಗಿರಿಜಾ ಟಾರ್ಚನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಮುಖದ ಮೇಲೆ ಬೆಳಕು ಬಿತ್ತು. ಕಣ್ಣು ಮುಚ್ಚಲಿಲ್ಲ.

"ಅಂದ್ರೆ ಮಂಜ ಮಾಡಿದ್ದು ಸರಿಯಾಗೇ ಇದೆ."

"ಇದೆ."

"ಅವ್ನು ಮಾಡಿದ್ದು ಕೆಟ್ಟೋಯ್ತು ಅನ್ಕೊಂಡಿದ್ದೆ ಸಾರ್. ಅದೊಂದೇ ಉಳ್ಕೊಂಡಿತ್ತು, ಅದೂ ಹೋಯ್ತಲ್ಲ ಅನ್ಕೊಂಡಿದ್ದೆ."

ಮನೆ ಹತ್ತಿರವೇ ಇತ್ತು. ಉಳಿದ ದಾರಿಯಲ್ಲಿ ಅವರು ನನ್ನ ಮೊಣಕೈ ಹಿಡಿದುಕೊಂಡು ನಡೆದರು. ನಟರಾಜು ಗಿರಣಿ ಮುಚ್ಚಿ ಬಂದು ಕೈಕಾಲು ತೊಳೆಯುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವರಿಗೆ ತಿಳಿಯಿತು. ಗಿರಿಜಾ ಹಾಲಿನ ಪಾತ್ರೆ ಒಲೆಗೆ ಇಟ್ಟು, ಬೆನ್ನು ತಿರುಗಿಸಿಕೊಂಡೇ ಕೇಳಿದರು:

"ನಿಮ್ಗೆ ಗೊತ್ತಿತ್ತೇನ್ರೀ?"

"ಹ್ಞೂಂ."

"ಯಾವಾಗಿಂದ?"

"ಬೇಸಿಗೇಲಿ ಡಾಕ್ಟ್ರ ಹತ್ರ ಹೋಗಿದ್ವಲ್ಲ."

ಅವರು ಜಗಳವಾಡಲಿಲ್ಲ, ಅಳಲಿಲ್ಲ. "ಸಾರ್‌ಗೆ ಸಕ್ಕರೆ ಎಷ್ಟು ಕೇಳಿ," ಎಂದರು. ನಟರಾಜು ಕೇಳಿದರು. ನಾನು ಹೇಳಿದೆ. ಮೂವರೂ ಕಾಫಿ ಕುಡಿದೆವು. ಟ್ರೈಲರಿನ ಸರಳುಗಳ ಸಂಗತಿಯನ್ನು ಗಿರಿಜಾ ಆಗ ಗಂಡನಿಗೆ ಹೇಳಿದರು. ನಟರಾಜು ನನ್ನನ್ನು ಬಸ್ಸಿನವರೆಗೆ ಬಿಡಲು ಬಂದು, ನಾನು ಹತ್ತುವಾಗ, "ಆ ಸರಳು ತಗಲಿದ್ರೆ?" ಎಂದರು.

ಮನೆಗೆ ಬಂದು ಬೆಳಗಿನ ಸಾರನ್ನು ಬಿಸಿ ಮಾಡಿಕೊಂಡು ಅನ್ನಕ್ಕೆ ಹಾಕಿಕೊಂಡೆ. ಉಪ್ಪು ಜಾಸ್ತಿಯಾಗಿತ್ತು. ಎಷ್ಟೋ ತಿಂಗಳ ಮೇಲೆ ನನಗೆ ಅಂಥದ್ದೊಂದು ತಿಳಿಯಿತು. ನೀರು ಬೆರೆಸಿಕೊಂಡು ಉಂಡೆ.

ಆಮೇಲಿನ ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಗಿರಿಜಾ ಮತ್ತೆ ಡಾಕ್ಟರ ಬಳಿ ಹೋದರು, ಈ ಸಲ ಒಳಗೆ ತಾವೇ ಕೂತರು. ಮನೆಗೆ ಹತ್ತಿರದ ಶಾಲೆಗೆ ವರ್ಗ ಕೇಳಿದರು. ಅಲೆದಾಟದ ನಂತರ ಸಿಕ್ಕಿತು. ಬಿಳಿ ಕೋಲು ಹಿಡಿದು ನಡೆಯುವುದನ್ನು ತುಮಕೂರಿಗೆ ವಾರವಾರ ಬಂದು ಕಲಿತರು. ಮೊದಮೊದಲು ಊರಿನಲ್ಲಿ ಕೋಲು ಹಿಡಿಯಲು ನಾಚಿಕೆಯಾಗಿ, ಬಸ್ ಸ್ಟ್ಯಾಂಡು ದಾಟಿದ ಮೇಲೆ ಬ್ಯಾಗಿನಿಂದ ತೆಗೆಯುತ್ತಿದ್ದರಂತೆ. ಶಾಲೆಯ ಮಕ್ಕಳು ಅದನ್ನು ಮಡಚಿ ಬಿಚ್ಚಿ ಆಡಿದ ಮೇಲೆ ನಾಚಿಕೆ ಹೋಯಿತಂತೆ. ಎಲ್ಲವೂ ಒಳ್ಳೆಯದಾಯಿತೆಂದು ಹೇಳುತ್ತಿಲ್ಲ. ನೋಟ ಕಿರಿದಾಗುತ್ತಲೇ ಇದೆ. ಅದನ್ನು ಯಾವ ಟೆಕ್ನಿಷಿಯನ್ನೂ ನಿಲ್ಲಿಸಲಾರ.

ಕಾರ್ಖಾನೆಯಲ್ಲಿದ್ದಷ್ಟು ವರ್ಷವೂ, ಉಪಕರಣ ಸರಿ ಇದೆ ಎನ್ನುವುದು ಎಲ್ಲಕ್ಕಿಂತ ಸುಲಭದ ಮಾತು, ಕೆಟ್ಟಿದೆ ಎನ್ನುವುದೇ ಕಷ್ಟದ್ದು ಎಂದು ತಿಳಿದಿದ್ದೆ. ಹಾಗಲ್ಲ. 'ಇದರಲ್ಲಿ ಏನೂ ದೋಷವಿಲ್ಲ' ಎನ್ನುವಾಗ, ದೋಷ ಇನ್ನೆಲ್ಲಿದೆ ಎನ್ನುವುದನ್ನೂ ಎದುರಿಗಿರುವವರ ಕೈಗೆ ಕೊಟ್ಟ ಹಾಗೆ. ಕೊಟ್ಟ ಮೇಲೆ ತಕ್ಷಣ ಎದ್ದು ಹೋಗಬಾರದು, ಒಂದು ಲೋಟ ಕಾಫಿ ಕುಡಿಯುವಷ್ಟಾದರೂ ಅವರ ಜೊತೆ ಕೂರಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ನಿವೃತ್ತನಾದ ಮೇಲೆ.

ಕಳೆದ ವರ್ಷ ಒಂದು ಬೆಳಿಗ್ಗೆ ಗಿರಿಜಾ ಅಂಗಡಿಗೆ ಬಂದರು. ಒಬ್ಬರೇ ಬಂದಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಭಾರದ ಚೀಲ. ಮೇಜಿನ ಮೇಲಿಟ್ಟು ಬಿಚ್ಚಿದರೆ ಮಿಕ್ಸಿ. ತಿರುಗುತ್ತಿಲ್ಲವೆಂದರು. ಅವರ ಎದುರಿಗೇ ತಳ ತೆಗೆದು ನೋಡಿದೆ. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಪೂರ್ತಿ ಸವೆದುಹೋಗಿತ್ತು.

"ಮಿಕ್ಸಿ ಕೆಟ್ಟಿದೆ ಮೇಡಂ. ಬ್ರಷ್ ಹೋಗಿದೆ," ಎಂದೆ.

ಗಿರಿಜಾ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸದ್ಯ ಸಾರ್," ಎಂದರು. "ಈ ಸಲ ಅದರದ್ದೇ ತಪ್ಪು."